ಅಪರೂಪಕ್ಕೊಂದು ಸಿಗಾರ್: ಹವಾನಾದ ಪರಂಪರೆ, ಬಳಕೆಯ ಕ್ರಮ ಮತ್ತು ಎಚ್ಚರಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಉದ್ದೇಶವೇನು? ಸಿಗಾರ್ ಸೇದುವುದನ್ನು ಇದು ಪ್ರೋತ್ಸಾಹಿಸುತ್ತದೆಯೇ?

ಪ್ರೋತ್ಸಾಹಿಸುವುದಿಲ್ಲ. ವರ್ಷದಲ್ಲಿ ಒಂದೆರಡು ಬಾರಿ, ಆಪ್ತ ಗೆಳೆಯರು ಸೇರಿದಾಗ ಅಥವಾ ವಿಶೇಷ ಸಂದರ್ಭವೊಂದರಲ್ಲಿ ಸಿಗಾರ್ ಹೊತ್ತಿಸುವ ವಯಸ್ಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ತಂಬಾಕಿನ ಅಭ್ಯಾಸವೇ ಇಲ್ಲದವರು ಅದನ್ನು ಹೊಸದಾಗಿ ಆರಂಭಿಸದಿರುವುದೇ ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಸಿಗಾರ್‌ನ ಹಿಂದೆ ಐದು ಶತಮಾನಗಳ ಚರಿತ್ರೆಯೂ ಸಾವಿರಾರು ಜನರ ಕೈಕೆಲಸವೂ ಇವೆ. ಅದನ್ನು ಕೈಗೆತ್ತಿಕೊಳ್ಳುವವರು ಅದು ಯಾವ ಮಣ್ಣಿನಲ್ಲಿ ಬೆಳೆಯಿತು, ಯಾರು ಅದನ್ನು ಸುತ್ತಿದರು, ತಮ್ಮ ದೇಹಕ್ಕೆ ಅದು ಏನು ಮಾಡುತ್ತದೆ ಎಂಬ ಮೂರನ್ನೂ ತಿಳಿದಿರಬೇಕೆಂದು ನಾನು ನಂಬಿದ್ದೇನೆ. ಚರಿತ್ರೆಯ ಭಾಗವನ್ನು ಒಂದು ಬಾರಿಯೂ ಸೇದದವರೂ ಆಸಕ್ತಿಯಿಂದ ಓದಬಹುದು.

ಸಿಗಾರ್‌ಗೂ ಸಿಗರೇಟು, ಬೀಡಿ, ಚುಟ್ಟಗಳಿಗೂ ಇರುವ ವ್ಯತ್ಯಾಸವೇನು?

ಸಿಗರೇಟಿನಲ್ಲಿ ಸಣ್ಣಗೆ ಕತ್ತರಿಸಿದ ತಂಬಾಕನ್ನು ಕಾಗದದಲ್ಲಿ ಸುತ್ತಿರುತ್ತಾರೆ. ಬೀಡಿಯಲ್ಲಿ ತಂಬಾಕಿನ ಪುಡಿಯನ್ನು ತೂಬುರೆ ಎಲೆಯಲ್ಲಿ ಸುತ್ತಿ ದಾರ ಕಟ್ಟಿರುತ್ತಾರೆ. ಸಿಗಾರ್‌ನಲ್ಲಿ ಒಳಗೂ ಹೊರಗೂ ತಂಬಾಕಿನ ಎಲೆಯೇ ಇರುತ್ತದೆ. ಕೈಯಿಂದ ಮಾಡಿದ ಉತ್ತಮ ಸಿಗಾರ್‌ಗೆ ಮೂರು ಪದರಗಳಿರುತ್ತವೆ: ಒಳಗೆ ಉದ್ದುದ್ದ ಎಲೆಗಳನ್ನು ಮಡಿಸಿ ಇಟ್ಟ ಹೂರಣ, ಅದನ್ನು ಬಿಗಿಯಾಗಿ ಹಿಡಿದಿಡುವ ಕಟ್ಟೆಲೆ, ಎಲ್ಲಕ್ಕಿಂತ ಮೇಲೆ ನುಣುಪಾದ ಹೊದಿಕೆ ಎಲೆ. ಹೋಳಿಗೆಯಲ್ಲಿರುವಂತೆ ಇಲ್ಲಿಯೂ ರುಚಿಯ ಬಹುಪಾಲು ಹೂರಣದಿಂದ ಬರುತ್ತದೆ. ಆದರೆ ಹೊದಿಕೆ ತೆಳ್ಳಗೆ, ಹರಿಯದೆ, ಸಮನಾಗಿ ಬರುವುದರಲ್ಲಿ ಮಾಡುವವರ ಕೈಚಳಕ ಗೊತ್ತಾಗುತ್ತದೆ. ನಮ್ಮ ದಕ್ಷಿಣ ಭಾರತದ ಚುಟ್ಟವೂ ಮೂಲತಃ ಸಿಗಾರ್‌ನ ಬಂಧುವೇ. ಅದರ ಎರಡೂ ತುದಿಗಳು ತೆರೆದಿರುತ್ತವೆ ಮತ್ತು ಸುತ್ತುವ ರೀತಿ ಸರಳವಾಗಿರುತ್ತದೆ. ಸಿಗಾರ್‌ನ ಬಾಯಿಗಿಡುವ ತುದಿಯನ್ನು ಎಲೆಯ ಚಿಕ್ಕ ತುಂಡಿನಿಂದ ಮುಚ್ಚಿ ಅಂಟಿಸಿರುತ್ತಾರೆ.

ಸಿಗಾರ್ ಪರಂಪರೆ ಎಲ್ಲಿ ಆರಂಭವಾಯಿತು?

ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೊ ಜನರಲ್ಲಿ. ಕೊಲಂಬಸ್‌ನ ಹಡಗುಗಳು 1492ರಲ್ಲಿ ಕ್ಯೂಬಾ ತಲುಪಿದಾಗ, ಒಳನಾಡನ್ನು ನೋಡಿಬರಲೆಂದು ಅವನು ಕಳುಹಿಸಿದ ರೊದ್ರಿಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ತೊರೆಸ್ ಎಂಬಿಬ್ಬರು, ಅಲ್ಲಿನ ಗಂಡಸರೂ ಹೆಂಗಸರೂ ಎಲೆಯ ಸುರುಳಿಗಳಿಗೆ ಬೆಂಕಿ ತಾಗಿಸಿ ಹೊಗೆ ಎಳೆಯುತ್ತಿದ್ದುದನ್ನು ಕಂಡರು. ಮುಂದೆ ಸ್ಪೇನ್ ಈ ಬೆಳೆಯನ್ನು ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿತು. ಸೆವಿಲ್ ನಗರದಲ್ಲಿ 18ನೆಯ ಶತಮಾನದಲ್ಲಿ ಕಟ್ಟಿದ ರಾಜಮನೆತನದ ತಂಬಾಕು ಕಾರ್ಖಾನೆ ಎಷ್ಟು ವಿಶಾಲವಾಗಿತ್ತೆಂದರೆ, ಇಂದು ಆ ಕಟ್ಟಡದಲ್ಲಿ ಅಲ್ಲಿನ ವಿಶ್ವವಿದ್ಯಾಲಯವೇ ನಡೆಯುತ್ತಿದೆ. 1717ರಲ್ಲಿ ಹೇರಿದ ಏಕಸ್ವಾಮ್ಯ 1817ರಲ್ಲಿ ರದ್ದಾದ ಬಳಿಕ ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಸಿಗಾರ್ ಕಾರ್ಖಾನೆಗಳು ಒಂದರ ಬೆನ್ನಿಗೆ ಒಂದು ಹುಟ್ಟಿಕೊಂಡವು. ಇಂದಿಗೂ ಮಾರಾಟದಲ್ಲಿರುವ ಸಿಗಾರ್ ಹೆಸರುಗಳಲ್ಲಿ ಎಚ್. ಉಪ್ಮನ್ 1844ರದ್ದು, ಪಾರ್ತಗಾಸ್ 1845ರದ್ದು, ರೊಮೆಯೊ ಇ ಹೂಲಿಯೆತಾ 1875ರದ್ದು. ಮೊಂತೆಕ್ರಿಸ್ತೊ 1935ರಲ್ಲಿ ಬಂದಿತು. ಬಹಳ ಹಳೆಯದೆಂದು ಅನೇಕರು ಭಾವಿಸಿರುವ ಕೊಹಿಬಾ ಹುಟ್ಟಿದ್ದು ಫಿದೆಲ್ ಕಾಸ್ಟ್ರೊ ನಾಯಕತ್ವದ ಕ್ಯೂಬಾ ಕ್ರಾಂತಿಯ ನಂತರ, 1966ರಲ್ಲಿ.

ಕ್ಯೂಬಾದ ಎಲೆಗೆ ಅಷ್ಟೊಂದು ಹೆಸರು ಏಕೆ?

ದ್ವೀಪದ ಪಶ್ಚಿಮ ತುದಿಯಲ್ಲಿರುವ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ವುಯೆಲ್ತಾ ಅಬಾಹೊ ಎಂಬ ಸೀಮೆಯಿದೆ. ಅಲ್ಲಿನ ಕೆಂಪು ಛಾಯೆಯ, ಮರಳು ಬೆರೆತ, ನೀರು ನಿಲ್ಲದ ಮಣ್ಣೂ, ಒಣ ಚಳಿಗಾಲವೂ, ಸಮುದ್ರದಿಂದ ಬರುವ ತೇವದ ಗಾಳಿಯೂ ಎಲೆಗೆ ಒದಗಿಬಂದಿವೆ. ಅಕ್ಟೋಬರ್ ಹೊತ್ತಿಗೆ ಮಡಿಯಿಂದ ಸಸಿಗಳನ್ನು ಕಿತ್ತು ನೆಡುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಎಲೆ ಕೀಳುತ್ತಾರೆ. ಇಡೀ ಗಿಡವನ್ನು ಒಮ್ಮೆಲೇ ಕಡಿಯುವುದಿಲ್ಲ. ಬುಡದಿಂದ ಆರಂಭಿಸಿ, ಕೆಲವು ದಿನಗಳ ಅಂತರ ಬಿಟ್ಟು, ಎರಡು ಮೂರು ಎಲೆಗಳಂತೆ ಮೇಲಕ್ಕೆ ಸಾಗುತ್ತಾರೆ, ಏಕೆಂದರೆ ಒಂದೇ ಗಿಡದ ಎಲೆಗಳೆಲ್ಲವೂ ಒಂದೇ ಗುಣದವಲ್ಲ. ಬುಡದ ಎಲೆಗಳಾದ ವೊಲಾದೊ ಚೆನ್ನಾಗಿ ಉರಿಯುತ್ತವೆ, ಆದರೆ ಸಪ್ಪೆ. ನಡುವಿನ ಸೆಕೊ ಎಲೆಗಳಲ್ಲಿ ಪರಿಮಳ ಹೆಚ್ಚು. ಹೆಚ್ಚು ಬಿಸಿಲುಂಡ ತುದಿಯ ಲಿಹೆರೊ ಎಲೆಗಳು ದಪ್ಪವಾಗಿ, ಖಾರವಾಗಿ, ನಿಧಾನವಾಗಿ ಉರಿಯುತ್ತವೆ. ಈ ಮೂರನ್ನು ಯಾವ ಪ್ರಮಾಣದಲ್ಲಿ ಕೂಡಿಸಬೇಕು ಎಂಬುದರ ಮೇಲೆ ಸಿಗಾರ್‌ನ ಗುಣ ನಿಂತಿದೆ. ಹೊದಿಕೆಗೆ ಬೇಕಾದ ಎಲೆಯನ್ನಂತೂ ಬೇರೆಯಾಗಿ, ಹೊಲದ ತುಂಬ ಬಿಳಿ ತೆಳುಬಟ್ಟೆಯ ಚಪ್ಪರ ಹಾಕಿ, ನೆರಳಿನಲ್ಲಿ ಬೆಳೆಸುತ್ತಾರೆ.

ಕಿತ್ತ ಎಲೆಗಳನ್ನು ಗಳಗಳಿಗೆ ಪೋಣಿಸಿ, ಗಾಳಿಯಾಡುವ ಮರದ ಕೊಟ್ಟಿಗೆಗಳಲ್ಲಿ ಸುಮಾರು ಐವತ್ತು ದಿನ ತೂಗುಹಾಕುತ್ತಾರೆ. ಹಸಿರೆಲೆ ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಳಿಕ ಅವನ್ನು ರಾಶಿ ಹಾಕಿದಾಗ ರಾಶಿಯೊಳಗೆ ಬಿಸಿ ತಾನಾಗಿಯೇ ಏರಿ ಹುದುಗು ನಡೆಯುತ್ತದೆ. ಎಲೆಯಲ್ಲಿದ್ದ ಅಮೋನಿಯ ಹೊರಹೋಗಿ, ಒರಟುತನ ತಗ್ಗುತ್ತದೆ. ಬಿಸಿ ಮಿತಿಮೀರಿದರೆ ಎಲೆ ಕೆಡುವುದರಿಂದ ರಾಶಿಯನ್ನು ಬಿಚ್ಚಿ, ಗಾಳಿಗೊಡ್ಡಿ, ಮತ್ತೆ ಕಟ್ಟುತ್ತಾರೆ. ಅನಂತರವೂ ಮೂಟೆಗಳಲ್ಲಿ ತಿಂಗಳುಗಟ್ಟಲೆ, ಕೆಲವು ಎಲೆಗಳನ್ನು ವರ್ಷಗಟ್ಟಲೆ, ಹಾಗೆಯೇ ಮಾಗಲು ಬಿಡುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಈ ಪ್ರಾಂತ್ಯಕ್ಕೆ ಅಪ್ಪಳಿಸಿದಾಗ ಇಂಥ ಕೊಟ್ಟಿಗೆಗಳು ಸಾವಿರಗಟ್ಟಲೆ ನೆಲಕಚ್ಚಿದವು. ಕೊಟ್ಟಿಗೆಯಿಲ್ಲದೆ ಎಲೆ ಒಣಗದು. ಹಾಗಾಗಿ ಆ ನಷ್ಟದ ಪರಿಣಾಮ ಒಂದು ಬೆಳೆಗೆ ಮುಗಿಯುವಂಥದ್ದಾಗಿರಲಿಲ್ಲ.

ಕಾರ್ಖಾನೆಯಲ್ಲಿ ಸಿಗಾರ್ ಸುತ್ತುವವರಿಗೆ ಪುಸ್ತಕ ಓದಿ ಹೇಳುತ್ತಾರೆ ಎಂಬುದು ನಿಜವೇ?

ನಿಜ, ಮತ್ತು ಇಡೀ ಪರಂಪರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು. 1865ರಲ್ಲಿ ಹವಾನಾದ ಎಲ್ ಫಿಗರೊ ಕಾರ್ಖಾನೆಯಲ್ಲಿ ಈ ಪದ್ಧತಿ ಮೊದಲಾಯಿತು. ಸುತ್ತುವ ಕೆಲಸಕ್ಕೆ ಕೈ ಮತ್ತು ಕಣ್ಣು ಬೇಕು, ಕಿವಿಗೆ ಬಿಡುವಿರುತ್ತದೆ; ಅಲ್ಲಿ ಯಂತ್ರಗಳ ಗದ್ದಲವೂ ಇಲ್ಲ. ಆದ್ದರಿಂದ ಎತ್ತರದ ಪೀಠವೊಂದರ ಮೇಲೆ ಕುಳಿತ ಓದುಗ, ಅಂದರೆ ಲೆಕ್ತೋರ್, ಬೆಳಗ್ಗೆ ಪತ್ರಿಕೆಗಳನ್ನೂ ಆಮೇಲೆ ಕಾದಂಬರಿಯನ್ನೂ ಗಟ್ಟಿಯಾಗಿ ಓದುತ್ತಿದ್ದನು. ಅವನಿಗೆ ಸಂಬಳ ಕೊಡುತ್ತಿದ್ದವರು ಮಾಲೀಕರಲ್ಲ. ಕಾರ್ಮಿಕರೇ ತಮ್ಮ ಕೂಲಿಯಿಂದ ಚಂದಾ ಎತ್ತುತ್ತಿದ್ದರು. ಮುಂದೆ ಯಾವ ಕಾದಂಬರಿ ಓದಬೇಕೆಂಬುದನ್ನೂ ಅವರೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಓದು ಹಿಡಿಸಿದರೆ, ಎಲೆ ಕತ್ತರಿಸುವ ಅರ್ಧಚಂದ್ರಾಕಾರದ ಚವೇತಾ ಎಂಬ ಅಲಗಿನಿಂದ ಮೇಜನ್ನು ತಟ್ಟಿ ಮೆಚ್ಚುಗೆ ಸೂಚಿಸುತ್ತಿದ್ದರು. ಅಕ್ಷರ ಬಾರದ ಅನೇಕರು ಹೀಗೆ ಕೇಳಿಕೇಳಿಯೇ ಜಗತ್ತಿನ ಸಾಹಿತ್ಯವನ್ನೂ ರಾಜಕೀಯವನ್ನೂ ಅರಿತರು.

ಅರಿವು ಬಂದಲ್ಲಿ ಆಳುವವರಿಗೆ ಅಳುಕು ಹುಟ್ಟಿತು. ಸ್ಪೇನಿನ ವಸಾಹತು ಸರ್ಕಾರ 1866ರಲ್ಲಿಯೇ ಈ ಓದನ್ನು ನಿಷೇಧಿಸಿತು; ನಿಷೇಧ ತೆರವಾದಾಗಲೆಲ್ಲ ಓದು ಮತ್ತೆ ಆರಂಭವಾಯಿತು. ಕ್ಯೂಬಾದಿಂದ ವಲಸೆ ಹೋದ ಕಾರ್ಮಿಕರು ಈ ಪದ್ಧತಿಯನ್ನು ಅಮೆರಿಕದ ಫ್ಲಾರಿಡಾದಲ್ಲಿರುವ ಕೀ ವೆಸ್ಟ್ ಮತ್ತು ಟ್ಯಾಂಪಾಗಳಿಗೂ ಕೊಂಡೊಯ್ದರು. ಕವಿಯೂ ಸ್ವಾತಂತ್ರ್ಯ ಹೋರಾಟದ ನಾಯಕನೂ ಆಗಿದ್ದ ಹೊಸೆ ಮಾರ್ತಿ 1891ರಲ್ಲಿ ಟ್ಯಾಂಪಾಕ್ಕೆ ಬಂದು ಭಾಷಣ ಮಾಡಿದಾಗ ಆತನ ಬೆನ್ನಿಗೆ ನಿಂತು, ತಮ್ಮ ದುಡಿಮೆಯ ಪಾಲನ್ನು ಹೋರಾಟಕ್ಕೆ ಕೊಟ್ಟವರು ಈ ಸಿಗಾರ್ ಕಾರ್ಮಿಕರೇ. 1931ರಲ್ಲಿ ಟ್ಯಾಂಪಾದ ಮಾಲೀಕರು ಓದುಗರನ್ನು ಹೊರಹಾಕಿದರು, ಕಾರ್ಮಿಕರು ಮುಷ್ಕರ ಹೂಡಿದರು, ಕೊನೆಗೆ ಓದುಗರ ಜಾಗಕ್ಕೆ ರೇಡಿಯೊ ಬಂದಿತು. ಕ್ಯೂಬಾದಲ್ಲಿ ಮಾತ್ರ ಲೆಕ್ತೋರ್ ಇಂದಿಗೂ ಓದುತ್ತಾರೆ. ಈಗ ಆ ಪೀಠದಲ್ಲಿ ಮಹಿಳೆಯರೂ ಇದ್ದಾರೆ.

ಯುವತಿಯರು ತೊಡೆಯ ಮೇಲೆ ಸಿಗಾರ್ ಸುತ್ತುತ್ತಾರೆ ಎಂಬ ಮಾತಿನಲ್ಲಿ ಹುರುಳಿದೆಯೇ?

ಇಲ್ಲ. ಸುತ್ತುವ ಕೆಲಸ ಮರದ ಹಲಗೆಯ ಮೇಲೆ ನಡೆಯುತ್ತದೆ. ಎಲೆಯ ನಡುನರವನ್ನು ಬಿಡಿಸುವ ಹಂತದಲ್ಲಿ ಹೆಂಗಸರು ಎಲೆಗಳನ್ನು ಮಡಿಲಲ್ಲಿ ಹರಡಿಕೊಳ್ಳುತ್ತಿದ್ದರು. ಅದನ್ನು ಕಂಡವರು ಉಳಿದ ಕಥೆ ಕಟ್ಟಿದರು. ನುರಿತ ಕಾರ್ಮಿಕರ ವರ್ಷಗಳ ಪರಿಶ್ರಮವನ್ನು ಇಂಥ ಮಾತು ಹಗುರಾಗಿಸುತ್ತದೆ. ಅದನ್ನು ಮತ್ತೆ ಮತ್ತೆ ಹೇಳದಿರುವುದು ಲೇಸು.

ಕ್ಯೂಬಾದ ಸಿಗಾರ್ ಮಾತ್ರ ಶ್ರೇಷ್ಠವೇ?

ಹಾಗೆ ಹೇಳುವ ಕಾಲ ಹಿಂದೆಯೇ ಮುಗಿಯಿತು. ಕ್ರಾಂತಿಯ ನಂತರ 1960ರಲ್ಲಿ ಕ್ಯೂಬಾ ಸರ್ಕಾರ ಸಿಗಾರ್ ಉದ್ಯಮವನ್ನು ರಾಷ್ಟ್ರೀಕರಣಗೊಳಿಸಿದಾಗ ಅನೇಕ ಮನೆತನಗಳು ದೇಶ ಬಿಟ್ಟವು. 1962ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಕ್ಯೂಬಾದೊಡನೆ ವ್ಯಾಪಾರ ನಿರ್ಬಂಧ ವಿಧಿಸಿದರು. ಆ ಆದೇಶಕ್ಕೆ ಸಹಿ ಹಾಕುವ ಮೊದಲು, ಸಾವಿರ ಕ್ಯೂಬನ್ ಸಿಗಾರ್ ತಂದುಕೊಡುವಂತೆ ಕೆನಡಿ ಕೇಳಿದರೆಂದೂ ತಾವು 1,200 ತಂದುಕೊಟ್ಟೆವೆಂದೂ ಅವರ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಮುಂದೆ ಬರೆದಿದ್ದಾರೆ. ದೇಶ ತೊರೆದವರು ತಮ್ಮ ವಿದ್ಯೆಯೊಡನೆ ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಾಗಳಿಗೆ ಹೋಗಿ ಅಲ್ಲಿ ಹೊಸ ತೋಟಗಳನ್ನು ಎಬ್ಬಿಸಿದರು. ಇಂದು ನಿಕರಾಗುವಾದ ಎಸ್ತೆಲಿ ಮತ್ತು ಡೊಮಿನಿಕನ್ ಗಣರಾಜ್ಯದ ಸಾಂತಿಯಾಗೊ ನಗರಗಳಿಂದ ಬರುವ ಸಿಗಾರ್‌ಗಳು ಯಾವುದಕ್ಕೂ ಕಡಿಮೆಯಲ್ಲ. ಹೊದಿಕೆ ಎಲೆಗೆ ಅಮೆರಿಕದ ಕನೆಕ್ಟಿಕಟ್ ಕಣಿವೆ, ಮೋಡದ ನೆರಳೇ ಚಪ್ಪರದ ಕೆಲಸ ಮಾಡುವ ಈಕ್ವೆಡಾರ್, ಆಫ್ರಿಕಾದ ಕ್ಯಾಮರೂನ್ ಪ್ರಸಿದ್ಧವಾಗಿವೆ. ಅಪರೂಪಕ್ಕೆ ಸೇದುವವರು ದುಬಾರಿ ಹವಾನಾ ಹೆಸರಿಗೆ ಹಣ ಸುರಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಭಾರತಕ್ಕೆ, ಅದರಲ್ಲೂ ಕರ್ನಾಟಕಕ್ಕೆ ಈ ಪರಂಪರೆಯೊಡನೆ ಸಂಬಂಧವಿದೆಯೇ?

ತಂಬಾಕು ಮೊಗಲರ ಆಸ್ಥಾನ ಸೇರಿದ ದಾರಿಯೇ ನಮ್ಮ ವಿಜಯಪುರದ ಮೂಲಕ ಸಾಗುತ್ತದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್, ಅಲ್ಲಿ ತಾನು ಹಿಂದೆಂದೂ ಕಂಡಿರದ ತಂಬಾಕನ್ನು ನೋಡಿ, ಅದನ್ನೂ ಸೊಗಸಾದ ಕೊಳವೆಯೊಂದನ್ನೂ ಕೊಂಡೊಯ್ದು ಬಾದಶಹನಿಗೆ ಅರ್ಪಿಸಿದ ವೃತ್ತಾಂತವನ್ನು ತಾನೇ ದಾಖಲಿಸಿದ್ದಾನೆ. ಅದು 17ನೆಯ ಶತಮಾನದ ಮೊದಲ ವರ್ಷಗಳ ಮಾತು. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದನಾದರೂ ಅದು ಅಷ್ಟರಲ್ಲಿ ದೇಶವೆಲ್ಲ ಹಬ್ಬಿತ್ತು.

ಸಿಗಾರ್ ಮತ್ತು ಚುಟ್ಟದ ವಿಷಯಕ್ಕೆ ಬಂದರೆ ತಮಿಳುನಾಡಿನ ತಿರುಚಿರಾಪಳ್ಳಿ ಹಾಗೂ ದಿಂಡಿಗಲ್ ಮುಖ್ಯವಾದವು. ಬ್ರಿಟಿಷರ ಕಾಲದಲ್ಲಿ ತಿರುಚಿರಾಪಳ್ಳಿಯ ಚುಟ್ಟಗಳು ಇಂಗ್ಲೆಂಡಿನವರೆಗೂ ಹೋಗುತ್ತಿದ್ದವು. ದಿಂಡಿಗಲ್‌ನಲ್ಲಿ ಮದ್ರಾಸಿನ ಸ್ಪೆನ್ಸರ್ ಕಂಪನಿಯ ಸಿಗಾರ್ ಕಾರ್ಖಾನೆಯಿತ್ತು. ಆಂಧ್ರದಲ್ಲಿ ಗೋದಾವರಿಯ ನಡುಗಡ್ಡೆಗಳಲ್ಲಿ ಬೆಳೆಯುವ ಲಂಕಾ ಹೊಗೆಸೊಪ್ಪು ಚುಟ್ಟಕ್ಕೆ ಹೆಸರಾದದ್ದು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ತಂಬಾಕಿನಿಂದ ಸಿಗಾರ್ ಮಾಡಬಹುದೇ ಎಂದು ಮೈಸೂರು ಕಡೆಯ ಓದುಗರು ಕೇಳುವುದುಂಟು. ಅಲ್ಲಿ ಮುಂಗಾರಿನಲ್ಲಿ ಬೆಳೆದು, ಬ್ಯಾರನ್ ಎಂಬ ಒಣಗಿಸುವ ಮನೆಗಳಲ್ಲಿ ಸೌದೆಯ ಕಾವು ಕೊಟ್ಟು ಕೆಲವೇ ದಿನಗಳಲ್ಲಿ ಹದಗೊಳಿಸಿ, ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ತರುವ ಸೊಪ್ಪು ಸಿಗರೇಟಿಗೆ ಹೊಂದುವಂಥದ್ದು. ಕಾವಿನಲ್ಲಿ ಬೇಗನೆ ಒಣಗಿದ ಎಲೆಯಲ್ಲಿ ಸಕ್ಕರೆಯ ಅಂಶ ಉಳಿದು ಬಣ್ಣ ಹೊಂಬಣ್ಣಕ್ಕೆ ನಿಲ್ಲುತ್ತದೆ. ಸಿಗಾರ್‌ಗೆ ಬೇಕಾದದ್ದು ಗಾಳಿಯಲ್ಲಿ ನಿಧಾನವಾಗಿ ಒಣಗಿ, ಸಕ್ಕರೆ ಕರಗಿ, ಹುದುಗು ಕಂಡ ಎಲೆ. ನಿಪ್ಪಾಣಿ ಸೀಮೆಯದು ಬೀಡಿ ತಂಬಾಕು. ಹೀಗಾಗಿ ಕರ್ನಾಟಕ ಹೆಸರಾಂತ ತಂಬಾಕು ನಾಡಾದರೂ ಸಿಗಾರ್‌ನ ಎಲೆಗೆ ಪ್ರಸಿದ್ಧವಾದುದಲ್ಲ.

ಗಾತ್ರ ಮತ್ತು ಬಣ್ಣ ನೋಡಿ ಹೇಗೆ ಆರಿಸಬೇಕು?

ಉದ್ದವನ್ನು ಅಂಗುಲ ಅಥವಾ ಮಿಲಿಮೀಟರ್‌ಗಳಲ್ಲೂ, ದಪ್ಪವನ್ನು ಅಂಗುಲದ 64ನೆಯ ಭಾಗದ ಲೆಕ್ಕದಲ್ಲೂ ಹೇಳುತ್ತಾರೆ. ದಪ್ಪ 50 ಎಂದಿದ್ದರೆ ಅಡ್ಡಳತೆ ಸುಮಾರು 20 ಮಿಲಿಮೀಟರ್ ಎಂದರ್ಥ. ಕ್ಯೂಬಾದ ಅಳತೆಗಳಲ್ಲಿ ಪೆಟಿಟ್ ಕೊರೊನಾ 129 ಮಿಲಿಮೀಟರ್ ಉದ್ದ, 42 ದಪ್ಪ. ರೊಬುಸ್ತೊ 124 ಮಿಲಿಮೀಟರ್ ಉದ್ದ, 50 ದಪ್ಪ. ಬ್ರಿಟನ್ನಿನ ಪ್ರಧಾನಿಯ ಹೆಸರು ಹೊತ್ತ ಚರ್ಚಿಲ್ 178 ಮಿಲಿಮೀಟರ್ ಉದ್ದ, 47 ದಪ್ಪ. ಚರ್ಚಿಲ್ ಗಾತ್ರದ ಸಿಗಾರ್ ಒಂದೂವರೆ ಗಂಟೆಯನ್ನೇ ಬೇಡುತ್ತದೆ ಮತ್ತು ಅಷ್ಟೇ ಹೆಚ್ಚು ನಿಕೋಟಿನ್ ಮೈಗೆ ಸೇರಿಸುತ್ತದೆ. ಎಂದಾದರೊಮ್ಮೆ ಸೇದುವವರಿಗೆ ಅರ್ಧ ಗಂಟೆಯಲ್ಲಿ ಮುಗಿಯುವ ಚಿಕ್ಕ ಗಾತ್ರವೇ ಸರಿ.

ಕಪ್ಪಗಿರುವುದೆಲ್ಲ ಖಾರವೆಂಬ ಭಾವನೆ ತಪ್ಪು. ಹೊದಿಕೆಯ ಗಾಢ ಬಣ್ಣ ಹೆಚ್ಚಿನ ಹುದುಗಿನಿಂದ ಬಂದಿರಬಹುದು ಮತ್ತು ಅಂಥದ್ದು ಸಿಹಿ ಛಾಯೆಯದ್ದಾಗಿಯೂ ಇರಬಹುದು. ಖಾರ ನಿರ್ಧಾರವಾಗುವುದು ಹೂರಣದಲ್ಲಿ ತುದಿಯ ಎಲೆ ಎಷ್ಟಿದೆ ಎಂಬುದರಿಂದ. ಬೆರಳುಗಳಿಂದ ಮೆಲ್ಲನೆ ಒತ್ತಿ ನೋಡಿರಿ: ತುಸು ಬಗ್ಗಿ ಮತ್ತೆ ಮೊದಲಿನಂತಾದರೆ ಹದವಾಗಿದೆ, ಚರಚರ ಸದ್ದಾದರೆ ಒಣಗಿದೆ, ಅಲ್ಲಲ್ಲಿ ಗಟ್ಟಿ ಗಂಟುಗಳಿದ್ದರೆ ಗಾಳಿ ಸರಿಯಾಗಿ ಎಳೆಯುವುದಿಲ್ಲ.

ಕತ್ತರಿಸಿ ಹೊತ್ತಿಸುವ ಸರಿಯಾದ ಕ್ರಮ ಯಾವುದು?

ಮುಚ್ಚಿದ ತುದಿಯಲ್ಲಿ ಅಂಟಿಸಿದ ಟೋಪಿಯ ಮೇಲ್ಭಾಗವನ್ನು ಮಾತ್ರ, ಹೆಚ್ಚೆಂದರೆ ಒಂದೆರಡು ಮಿಲಿಮೀಟರ್, ಹರಿತವಾದ ಕತ್ತರಿಯಿಂದ ಒಂದೇ ಬಾರಿಗೆ ಕತ್ತರಿಸಬೇಕು. ಟೋಪಿ ಹೆಗಲಿಗೆ ಕೂಡುವ ಗೆರೆಯ ಕೆಳಗೆ ಅಲಗು ಇಳಿದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಹಲ್ಲಿನಿಂದ ಕಚ್ಚಿ ತೆಗೆಯುವುದು ಸಿನಿಮಾಕ್ಕೆ ಸರಿ. ಅಷ್ಟು ನಾಜೂಕಾಗಿ ಅಂಟಿಸಿದ ಎಲೆಗೆ ಅದು ಸಲ್ಲದು. ಹೊತ್ತಿಸಲು ಗ್ಯಾಸ್ ಲೈಟರ್ ಅಥವಾ ಉದ್ದನೆಯ ಬೆಂಕಿಕಡ್ಡಿ ಬಳಸಬೇಕು. ಕಡ್ಡಿಯ ಗಂಧಕ ಪೂರ್ತಿ ಉರಿದುಹೋಗುವವರೆಗೆ ಕಾಯಬೇಕು. ಮೇಣದಬತ್ತಿಯ ಮತ್ತು ಪೆಟ್ರೋಲ್ ಲೈಟರ್‌ನ ವಾಸನೆ ಎಲೆಗೆ ಅಂಟುತ್ತದೆ. ಜ್ವಾಲೆಯನ್ನು ತಾಗಿಸದೆ, ಅದರ ಮೇಲ್ಗಡೆ ಸಿಗಾರ್‌ನ ತುದಿಯನ್ನು ತಿರುಗಿಸುತ್ತ, ಅಂಚೆಲ್ಲ ಸಮನಾಗಿ ಕಾದು ಕಪ್ಪಾದ ಮೇಲೆ ಬಾಯಿಗಿಟ್ಟು ಮೆಲ್ಲನೆ ಎಳೆಯಬೇಕು. ಇಲ್ಲಿ ಆತುರಪಟ್ಟರೆ ಒಂದು ಪಕ್ಕ ಮಾತ್ರ ಉರಿಯುತ್ತ ಹೋಗಿ ಕೊನೆಯವರೆಗೂ ಕಾಡುತ್ತದೆ.

ಎಷ್ಟು ಹೊತ್ತಿಗೊಮ್ಮೆ ಎಳೆಯಬೇಕು? ತಲೆ ಸುತ್ತಿದರೆ ಏನು ಮಾಡಬೇಕು?

ನಿಮಿಷಕ್ಕೆ ಒಂದು ಬಾರಿ ಎಳೆದರೆ ಸಾಕು. ಹೊಗೆಯನ್ನು ಬಾಯಲ್ಲಿ ತುಸು ಹಿಡಿದು ಹೊರಬಿಡಬೇಕು, ಎದೆಯೊಳಗೆ ಎಳೆದುಕೊಳ್ಳಬಾರದು. ಬೇಗಬೇಗ ಎಳೆದರೆ ತುದಿ ಕಾದು ಹೊಗೆ ಕಹಿಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಸೇದಿದವರಿಗೆ ತಲೆ ಸುತ್ತು, ಬೆವರು, ವಾಕರಿಕೆ ಬರುವುದು ಸಾಮಾನ್ಯ. ಅದು ನಿಕೋಟಿನ್ ಹೆಚ್ಚಾದುದರ ಲಕ್ಷಣ. ತಕ್ಷಣ ಸಿಗಾರ್ ಕೆಳಗಿಟ್ಟು, ತೆರೆದ ಗಾಳಿಗೆ ಬಂದು ಕುಳಿತು, ನೀರು ಕುಡಿದು, ಏನಾದರೂ ಸಿಹಿ ತಿನ್ನಿ. ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಹಣ ಕೊಟ್ಟು ತಂದದ್ದೆಂದು ಪೂರ್ತಿ ಮುಗಿಸುವ ಹಟ ಬೇಡ. ಕೊನೆಯ ಮೂರನೆಯ ಒಂದು ಭಾಗದಲ್ಲಿ ಹೊಗೆ ಬಿಸಿಯಾಗಿ, ಒರಟಾಗಿ ಬರುವುದರಿಂದ ಅಲ್ಲಿಗೆ ಬಿಟ್ಟುಬಿಡುವುದೇ ವಾಡಿಕೆ.

ಬೂದಿಯನ್ನು ಕೊಡವಬೇಕೇ? ಸಿಗಾರ್‌ಗೆ ಸುತ್ತಿದ ಹೆಸರಿನ ಕಾಗದದ ಪಟ್ಟಿಯನ್ನು ತೆಗೆಯಬೇಕೇ?

ಬೂದಿ ಎರಡು ಸೆಂಟಿಮೀಟರ್ ಬೆಳೆಯುವವರೆಗೆ ಬಿಟ್ಟು, ಬೂದಿಬಟ್ಟಲಿನ ಅಂಚಿಗೆ ಒರಗಿಸಿದರೆ ತಾನಾಗಿ ಬೀಳುತ್ತದೆ. ಪಟ್ಟಿಯನ್ನು ತೆಗೆಯುವುದಾದರೆ ಸಿಗಾರ್ ಬಿಸಿಯಾಗಿ ಅಂಟು ಸಡಿಲಗೊಂಡ ಮೇಲೆ ತೆಗೆಯಿರಿ. ಮುಗಿದಾಗ ಸಿಗರೇಟಿನಂತೆ ಹೊಸಕಿ ಆರಿಸಬೇಡಿ, ನಾತ ಹೆಚ್ಚುತ್ತದೆ. ಬಟ್ಟಲಿನಲ್ಲಿ ಇಟ್ಟರೆ ತಾನೇ ಆರುತ್ತದೆ.

ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದಿದ್ದರೆ ಅಪಾಯವಿಲ್ಲ ಅಲ್ಲವೇ?

ಅಪಾಯವಿದೆ. ಸಿಗಾರ್ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆಗಳಲ್ಲಿ ಅತಿ ಹೆಚ್ಚು ಕೆಡುಕು ಮಾಡುವಂಥದ್ದು ಇದು. ಸಿಗಾರ್‌ನ ಹೊಗೆ ಕ್ಷಾರೀಯವಾದ್ದರಿಂದ ಅದರ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಒಳಗೆಳೆಯದವರಿಗೂ ಚಟ ಹತ್ತುವುದಕ್ಕೆ ಅಷ್ಟು ಸಾಕು. ಸಿಗರೇಟೊಂದರಲ್ಲಿ ಒಂದು ಗ್ರಾಮಿಗಿಂತ ಕಡಿಮೆ ತಂಬಾಕು ಇದ್ದರೆ, ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಸಿಗರೇಟು ಪ್ಯಾಕಿನಷ್ಟು ತಂಬಾಕು ಇರಬಹುದು. ಹುದುಗಿನ ಹಂತದಲ್ಲಿ ಎಲೆಯಲ್ಲಿ ಉಂಟಾಗುವ ನೈಟ್ರೋಸಮೀನ್‌ಗಳೆಂಬ ಕ್ಯಾನ್ಸರ್‌ಕಾರಕ ವಸ್ತುಗಳೂ, ಉರಿದಾಗ ಹುಟ್ಟುವ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗಳೂ ಇದರಲ್ಲಿವೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗಳಿಗೆ ನಿತ್ಯದ ಸಿಗಾರ್ ಸೇವನೆ ಕಾರಣವೆಂಬುದು ಸ್ಥಾಪಿತ ಸತ್ಯ. ಸಿಗರೇಟು ಬಿಟ್ಟು ಸಿಗಾರ್‌ಗೆ ಬಂದವರಂತೂ ಹಳೆಯ ರೂಢಿಯಂತೆ ಅರಿವಿಲ್ಲದೆಯೇ ಹೊಗೆಯನ್ನು ಒಳಗೆಳೆಯುತ್ತಾರೆ. ಅವರಿಗೆ ಅಪಾಯ ಇನ್ನೂ ಹೆಚ್ಚು. ಆಂಧ್ರದ ಕರಾವಳಿಯಲ್ಲಿ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಚುಟ್ಟ ಸೇದುವ ಹೆಂಗಸರಲ್ಲಿ ಅಂಗುಳಿನ ಕ್ಯಾನ್ಸರ್ ಕಂಡುಬರುವುದನ್ನು ವೈದ್ಯರು ದಶಕಗಳಿಂದ ದಾಖಲಿಸಿದ್ದಾರೆ. ಹೊಗೆ ಶ್ವಾಸಕೋಶದವರೆಗೆ ಹೋಗದೆ ಬಾಯಲ್ಲೇ ಉಳಿದರೂ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಪರೂಪಕ್ಕೆ ಸೇದುವವರಿಗೆ ಅಪಾಯ ನಿತ್ಯ ಸೇದುವವರಿಗಿಂತ ಕಡಿಮೆ, ಆದರೆ ಸೊನ್ನೆಯಲ್ಲ; ನಿರಪಾಯವಾದ ಪ್ರಮಾಣವೆಂಬುದು ತಂಬಾಕಿಗೆ ಇಲ್ಲ. ಹೃದ್ರೋಗ, ರಕ್ತದೊತ್ತಡ, ಬಾಯಿಯಲ್ಲಿ ಬಿಳಿ ಮಚ್ಚೆ ಅಥವಾ ವಾಸಿಯಾಗದ ಹುಣ್ಣು ಇರುವವರು, ಗರ್ಭಿಣಿಯರು, ಗುಟ್ಕಾ ಅಥವಾ ಸಿಗರೇಟು ಬಿಟ್ಟು ಚೇತರಿಸಿಕೊಳ್ಳುತ್ತಿರುವವರು ಇದರ ಹತ್ತಿರವೂ ಸುಳಿಯಬಾರದು. ಮಕ್ಕಳಿರುವ ಮನೆಯೊಳಗೆ, ಮುಚ್ಚಿದ ಕಾರಿನಲ್ಲಿ ಎಂದಿಗೂ ಹೊತ್ತಿಸಬೇಡಿ, ಏಕೆಂದರೆ ಒಂದು ಸಿಗಾರ್ ಗಂಟೆಗಟ್ಟಲೆ ಉರಿದು ಕೋಣೆಗೆ ತುಂಬುವ ಹೊಗೆ ಸಿಗರೇಟಿನದಕ್ಕಿಂತ ಬಹಳ ಹೆಚ್ಚು.

‘ಅಪರೂಪಕ್ಕೆ’ ಎಂದರೆ ಎಷ್ಟು? ಅದು ಚಟವಾಗುತ್ತಿದೆ ಎಂದು ತಿಳಿಯುವುದು ಹೇಗೆ?

ದಿನಾಂಕವನ್ನು ನೆನಪಿಟ್ಟುಕೊಳ್ಳಬಲ್ಲಷ್ಟು ವಿರಳವಾಗಿದ್ದರೆ ಅದು ಅಪರೂಪ ಎಂಬುದು ನನ್ನ ಅಳತೆ. ವಾರಾಂತ್ಯ ಬಂದೊಡನೆ ಮನಸ್ಸು ಅತ್ತ ಎಳೆಯುವುದು, ಜೊತೆಗಾರರಿಲ್ಲದಿದ್ದರೂ ಹೊತ್ತಿಸುವುದು, ಮನೆಯವರಿಗೆ ತಿಳಿಯದಂತೆ ಕೊಳ್ಳುವುದು, ಸಿಗದಿದ್ದರೆ ಸಿಡಿಮಿಡಿಯಾಗುವುದು ಇವು ಎಚ್ಚರಿಕೆಯ ಗಂಟೆಗಳು. ಅಂಥ ಹಂತದಲ್ಲಿ ಸಂಕೋಚಪಡದೆ ವೈದ್ಯರನ್ನು ಕಾಣಬೇಕು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿಯ ಸಂಖ್ಯೆ 1800-11-2356.

ವಿದೇಶದಲ್ಲಿರುವ ಭಾವನವರು ಕೊಟ್ಟ ಸಿಗಾರ್ ಪೆಟ್ಟಿಗೆ ವರ್ಷಗಳಿಂದ ಕಪಾಟಿನಲ್ಲಿದೆ. ಅದು ಕೆಟ್ಟಿದೆಯೇ? ಸಿಗಾರ್‌ಗಳನ್ನು ಇಡುವ ಕ್ರಮ ಹೇಗೆ?

ಮೊದಲು ಮೂರು ಸಂಗತಿಗಳನ್ನು ಪರೀಕ್ಷಿಸಿರಿ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ತೂತುಗಳೂ ಸಣ್ಣ ಪುಡಿಯೂ ಕಂಡರೆ ತಂಬಾಕು ಜೀರುಂಡೆ ಹೊಕ್ಕಿದೆ, ಎಸೆದುಬಿಡಿ. ಹತ್ತಿಯಂತೆ ಎದ್ದು ನಿಂತ ಬಿಳಿ, ಹಸಿರು ಅಥವಾ ನೀಲಿ ಬೂಷ್ಟು ಇದ್ದರೂ ಎಸೆಯಬೇಕು. ಅದು ಮಾಗಿದ ಎಣ್ಣೆಯ ಹರಳು ಎಂದು ಹೇಳಿ ಮಾರುವವರಿದ್ದಾರೆ, ಅದನ್ನು ನಂಬದಿರುವುದು ಕ್ಷೇಮ. ಇವೆರಡೂ ಇಲ್ಲದೆ ಒಣಗಿದ್ದರೆ ಮಾತ್ರ ವಾರಗಟ್ಟಲೆ ಕಾದು ನಿಧಾನವಾಗಿ ತೇವ ಮರಳಿಸಬಹುದು. ಅವಸರದಿಂದ ನೀರು ಚಿಮುಕಿಸಿದರೆ ಹೊದಿಕೆ ಸೀಳುತ್ತದೆ. ಆದರೂ ಹಾರಿಹೋದ ಪರಿಮಳ ಪೂರ್ತಿಯಾಗಿ ಮರಳದು.

ಸಿಗಾರ್‌ಗೆ 65ರಿಂದ 70 ಶೇಕಡಾ ತೇವಾಂಶವೂ 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವೂ ಹಿತ. ಹ್ಯುಮಿಡಾರ್ ಎಂಬ ಪೆಟ್ಟಿಗೆಯ ಒಳಮೈಗೆ ಸ್ಪ್ಯಾನಿಷ್ ಸೀಡರ್ ಮರವನ್ನು ಹೊದಿಸಿರುತ್ತಾರೆ. ನಮ್ಮ ಬೇವಿನ ಕುಟುಂಬಕ್ಕೇ ಸೇರಿದ ಈ ಅಮೆರಿಕ ಖಂಡದ ಮರ ತೇವವನ್ನು ಹೀರಿ, ಬೇಕಾದಾಗ ಬಿಟ್ಟುಕೊಡುತ್ತದೆ. ನಾಲ್ಕಾರು ಸಿಗಾರ್ ಇರುವವರಿಗೆ ಅಷ್ಟು ದುಬಾರಿ ಪೆಟ್ಟಿಗೆ ಬೇಕಿಲ್ಲ. ಗಾಳಿಯಾಡದಂತೆ ಮುಚ್ಚುವ ಹೊಸ ಡಬ್ಬಿ ಮತ್ತು 65 ಅಥವಾ 69 ಶೇಕಡಾ ತೇವಾಂಶ ಕಾಯುವ ಪೊಟ್ಟಣ ಸಾಕು. ಮಸಾಲೆಯೋ ಉಪ್ಪಿನಕಾಯಿಯೋ ಇದ್ದ ಹಳೆಯ ಡಬ್ಬಿ ಬೇಡ. ಮಂಗಳೂರು, ಉಡುಪಿ, ಕಾರವಾರಗಳ ಮಳೆಗಾಲದಲ್ಲಿ ಹೊರಗಿನ ತೇವಾಂಶ 80 ಶೇಕಡಾ ದಾಟುವುದರಿಂದ ಡಬ್ಬಿಯನ್ನು ಪದೇ ಪದೇ ತೆರೆದರೆ ಬೂಷ್ಟು ಖಚಿತ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಮನೆಯ ಅತ್ಯಂತ ತಂಪಾದ ಮೂಲೆಯನ್ನು ಹುಡುಕಬೇಕು, ಏಕೆಂದರೆ ಉಷ್ಣಾಂಶ 25 ಡಿಗ್ರಿ ಮೀರಿದರೆ ಎಲೆಯಲ್ಲಿ ಅಡಗಿರುವ ಜೀರುಂಡೆಯ ಮೊಟ್ಟೆಗಳು ಒಡೆಯತೊಡಗುತ್ತವೆ. ಫ್ರಿಜ್‌ನಲ್ಲಿ ತೆರೆದಿಟ್ಟರೆ ಒಣಗಿ, ಅಡುಗೆಯ ವಾಸನೆಯನ್ನೂ ಹೀರಿಕೊಳ್ಳುತ್ತದೆ.

ನಕಲಿ ಸಿಗಾರ್ ಗುರುತಿಸುವುದು ಹೇಗೆ?

ಅಸಲಿ ಹವಾನಾ ಪೆಟ್ಟಿಗೆಯ ಮೇಲೆ ಹಸಿರು ಬಣ್ಣದ ಖಾತರಿ ಮುದ್ರೆಯಿರುತ್ತದೆ. ಈ ಪದ್ಧತಿ 1889ರಿಂದ ನಡೆದುಬಂದಿದೆ, ಈಗಿನ ಮುದ್ರೆಯಲ್ಲಿ ಹೊಲೋಗ್ರಾಂ ಕೂಡ ಇದೆ. ಪೆಟ್ಟಿಗೆಯ ತಳದಲ್ಲಿ ಕ್ಯೂಬಾದಲ್ಲಿ ತಯಾರಾದದ್ದು, ಪೂರ್ತಿಯಾಗಿ ಕೈಯಿಂದ ಮಾಡಿದ್ದು ಎಂಬ ಸ್ಪ್ಯಾನಿಷ್ ಬರಹದ ಅಚ್ಚಿರುತ್ತದೆ. ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ಕಂಡರೆ ಕೊಳ್ಳಬೇಡಿ. ಪ್ರವಾಸಿಗರಿಗೆ ಕಡಲತೀರಗಳಲ್ಲಿ ಮಾರುವ ನಕಲಿಗಳ ಗುರುತೇ ಅದು. ಭಾರತದಲ್ಲಿ ಕಾನೂನುಬದ್ಧವಾಗಿ ಮಾರುವ ತಂಬಾಕಿನ ಪೊಟ್ಟಣಗಳ ಮೇಲೆ ಶೇಕಡಾ 85ರಷ್ಟು ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಲೇಬೇಕು. ಅದಿಲ್ಲದ ಪೆಟ್ಟಿಗೆ ಕಳ್ಳಸಾಗಣೆಯದ್ದಾಗಿರುವ ಸಂಭವ ಹೆಚ್ಚು.

ಕರ್ನಾಟಕದಲ್ಲಿ ಕಾನೂನು ಏನು ಹೇಳುತ್ತದೆ?

2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ, ಸಿಗಾರ್‌ಗೆ ವಿನಾಯಿತಿಯಿಲ್ಲ. ಕರ್ನಾಟಕ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದ್ದು, ತಂಬಾಕು ಉತ್ಪನ್ನ ಮಾರಾಟಕ್ಕೆ ಕನಿಷ್ಠ ವಯಸ್ಸು 21 ಆಗಿದೆ, ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ, ಹುಕ್ಕಾ ಬಾರ್‌ಗಳಿಗೆ ನಿಷೇಧವಿದೆ. ಮಗು ಹುಟ್ಟಿದ ಸಂತೋಷಕ್ಕೆ ಸಿಗಾರ್ ಹಂಚುವ ಅಮೆರಿಕದ ರೂಢಿಯನ್ನು ಇಲ್ಲಿನ ನಾಮಕರಣದ ಮನೆಗೆ ತರಬಹುದೇ ಎಂದು ಕೇಳಿದವರಿದ್ದಾರೆ. ಎಳೆಗೂಸು ಮಲಗಿರುವ ಮನೆಗೆ ಪೇಡಾ ತನ್ನಿ, ಸಿಗಾರ್ ಬೇಡ.

ವಿದೇಶದಿಂದ ಬರುವಾಗ ಎಷ್ಟು ತರಬಹುದು? ಅಮೆರಿಕದಲ್ಲಿರುವ ಕನ್ನಡಿಗರಿಗೆ ಬೇರೆ ನಿಯಮವಿದೆಯೇ?

ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರು 25 ಸಿಗಾರ್ ಅಥವಾ 125 ಗ್ರಾಂ ತಂಬಾಕು ಮೀರದಂತೆ ಸುಂಕವಿಲ್ಲದೆ ತರಬಹುದು. ಮಿತಿ ದಾಟಿದರೆ ವಿಮಾನ ನಿಲ್ದಾಣದ ಕೆಂಪು ಮಾರ್ಗದಲ್ಲಿ ಘೋಷಿಸಿ ಸುಂಕ ಕಟ್ಟಬೇಕು. ಅಮೆರಿಕದಲ್ಲಿ ನೆಲೆಸಿರುವವರಿಗೆ ಕ್ಯೂಬಾದ ಸಿಗಾರ್ ವಿಷಯದಲ್ಲಿ ಪ್ರತ್ಯೇಕ ನಿರ್ಬಂಧವಿದೆ: ಒಬಾಮಾ ಆಡಳಿತ ಸ್ವಂತ ಬಳಕೆಗೆ ತರಲು ಕೊಟ್ಟಿದ್ದ ಅವಕಾಶವನ್ನು 2020ರ ಸೆಪ್ಟೆಂಬರ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು. ಆದ್ದರಿಂದ ಬೆಂಗಳೂರಿನಲ್ಲಿಯೋ ದುಬೈಯಲ್ಲಿಯೋ ಕೊಂಡ ಹವಾನಾ ಸಿಗಾರ್‌ಗಳನ್ನು ಅಮೆರಿಕಕ್ಕೆ ಮರಳುವಾಗ ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಬೇಡಿ. ಬೇರೆ ದೇಶದಲ್ಲಿ ಖರೀದಿಸಿದ್ದೆಂಬ ರಸೀದಿ ತೋರಿಸಿದರೂ ಅಲ್ಲಿನ ಕಸ್ಟಮ್ಸ್ ಅಧಿಕಾರಿಗಳು ಅವನ್ನು ವಶಪಡಿಸಿಕೊಳ್ಳುತ್ತಾರೆ.